ಒಂದಕ್ಷರದ ಜ್ವರ, ಒಂದು ಸಂದೇಶದ ಲಸಿಕೆ

2008ರ ಚಿಕೂನ್‌ಗುನ್ಯಾವನ್ನು ಪುತ್ತೂರು, ಸುಳ್ಯ, ಕಡಬದವರಿಗೆ ಯಾರೂ ನೆನಪು ಮಾಡಿಕೊಡಬೇಕಾಗಿಲ್ಲ. ಕಡಬ ಆಗಿನ್ನೂ ಪುತ್ತೂರು ತಾಲೂಕಿನೊಳಗೇ ಇತ್ತು. ಜ್ವರವೇನೋ ಕೆಲವು ದಿನಗಳಲ್ಲಿ ಇಳಿಯಿತು, ಗಂಟುನೋವು ಮಾತ್ರ ಇಳಿಯಲಿಲ್ಲ. ಬೆಳಿಗ್ಗೆ ಎದ್ದು ನಿಲ್ಲಲು ಗೋಡೆ ಹಿಡಿಯಬೇಕು, ನೀರಿನ ಚೊಂಬು ಎತ್ತಲು ಎರಡೂ ಕೈ ಬೇಕು, ಅಡಿಕೆ ಸುಲಿಯಲು ಕುಳಿತರೆ ಬೆರಳು ಮಡಚದು. ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರು ಮಲಗಿದರು. ತೋಟಕ್ಕೆ ಆಳಿಲ್ಲ, ರಬ್ಬರಿಗೆ ಟ್ಯಾಪಿಂಗ್ ಇಲ್ಲ, ಹಟ್ಟಿಯ ಕೆಲಸಕ್ಕೆ ಬಗ್ಗುವವರಿಲ್ಲ. ದಕ್ಷಿಣ ಕನ್ನಡದ 200ಕ್ಕೂ ಹೆಚ್ಚು ರೋಗಿಗಳನ್ನು ಹತ್ತು ತಿಂಗಳವರೆಗೆ ಗಮನಿಸಿದ ಸಂಶೋಧಕರು, ಅಷ್ಟು ಕಾಲ ಕಳೆದರೂ ಹಲವರಲ್ಲಿ ಕೀಲುನೋವು ಉಳಿದಿದ್ದನ್ನು ದಾಖಲಿಸಿದ್ದಾರೆ.

ಮೂರು ದಶಕಗಳ ಕಾಲ ದೇಶದಲ್ಲಿ ಸದ್ದಿಲ್ಲದಿದ್ದ ಈ ಕಾಯಿಲೆ 2005ರ ಕೊನೆಯಲ್ಲಿ ಮರಳಿ ಬಂತು. 2006ರಲ್ಲಿ ದೇಶದಾದ್ಯಂತ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳು ವರದಿಯಾದವು. ಅವುಗಳಲ್ಲಿ 7.5 ಲಕ್ಷಕ್ಕೂ ಹೆಚ್ಚು ಕರ್ನಾಟಕದವೇ. ಅದಾಗಿ ಎರಡು ವರ್ಷಕ್ಕೆ ಕರಾವಳಿಯ ಸರದಿ ಬಂತು. ಆಗ ಇಲ್ಲಿಂದ ಸಂಗ್ರಹಿಸಿದ ಮಾದರಿಗಳನ್ನು ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿದರು. ಅವರ ವರದಿ 2009ರಲ್ಲಿ ಪ್ರಕಟವಾಯಿತು. 2008ರಲ್ಲಿ ಕರಾವಳಿ ಕರ್ನಾಟಕದಲ್ಲಿ ಓಡಾಡಿದ ವೈರಸ್ಸಿನಲ್ಲಿ ಗಮನಿಸಲೇಬೇಕಾದ ಒಂದು ಬದಲಾವಣೆ ಅವರಿಗೆ ಕಂಡಿತ್ತು. ಸುಮಾರು 11,800 ಅಕ್ಷರಗಳ ಅದರ ಆನುವಂಶಿಕ ಬರಹದಲ್ಲಿ ಒಂದು ನಿರ್ದಿಷ್ಟ ಜಾಗದ ‘ಸಿ’ ಹೋಗಿ ‘ಯು’ ಬಂದಿತ್ತು. ತೋಟಗಳ ನೆರಳಿನಲ್ಲಿ ಹಗಲು ಕಚ್ಚುವ ಸೊಳ್ಳೆಗೆ ಈ ವೈರಸ್ಸನ್ನು ಸಲೀಸಾಗಿ ಸಾಗಿಸುವ ಶಕ್ತಿ ಬಂದದ್ದು ಆ ಒಂದು ಅಕ್ಷರದಿಂದ.

ಅಕ್ಷರವೊಂದು ಬದಲಾದರೆ ಊರಿಗೆ ಊರೇ ಮಲಗುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಎಂಆರ್‌ಎನ್‌ಎ ಎಂಬ ಅಣುವಿನಲ್ಲಿದೆ. ಕೋವಿಡ್ ಕಾಲದಲ್ಲಿ ಈ ಹೆಸರು ಮನೆಮನೆಗೆ ಬಂತು, ಜತೆಗೆ ಅದರ ಕುರಿತ ಭಯವೂ ಬಂತು. ‘ಆ ಲಸಿಕೆ ನಮ್ಮ ಜೀನನ್ನೇ ಬದಲಿಸಿಬಿಡುತ್ತದಂತೆ’ ಎಂಬ ಮಾತು ಇವತ್ತಿಗೂ ಮದುವೆ ಮನೆಯ ಚಪ್ಪರದಡಿ ಕೇಳಿಬರುತ್ತದೆ. ಚಿಕೂನ್‌ಗುನ್ಯಾ ನಮ್ಮ ಮೈಯೊಳಗೆ ಹೇಗೆ ಕೆಲಸ ಮಾಡಿತು ಎಂದು ತಿಳಿದವರಿಗೆ ಈ ಲಸಿಕೆಯ ಕೆಲಸವೂ ತಿಳಿಯುತ್ತದೆ, ಆ ಭಯಕ್ಕೆ ಆಧಾರ ಎಷ್ಟು ಎಂಬುದೂ ತಿಳಿಯುತ್ತದೆ.

ಮೊದಲು ಜೀವಕೋಶದ ವಿಷಯ. ನಮ್ಮ ದೇಹದ ಬಹುತೇಕ ಜೀವಕೋಶಗಳಲ್ಲಿ ಒಂದು ಕೋಶಕೇಂದ್ರವಿದೆ. ಅದರೊಳಗೆ ಡಿಎನ್‌ಎ ಇದೆ. ದೇಹಕ್ಕೆ ಬೇಕಾದ ಸುಮಾರು 20,000 ಬಗೆಯ ಪ್ರೊಟೀನುಗಳನ್ನು ಕಟ್ಟುವ ವಿವರ ಅಲ್ಲಿ ಬರೆದಿಟ್ಟಿದೆ. ಪ್ರೊಟೀನು ತಯಾರಾಗುವುದು ಮಾತ್ರ ಕೋಶಕೇಂದ್ರದ ಹೊರಗೆ, ರೈಬೋಸೋಮ್ ಎಂಬ ಪುಟ್ಟ ಯಂತ್ರಗಳಲ್ಲಿ. ಒಳಗಿನ ವಿವರ ಹೊರಗಿನ ಯಂತ್ರಕ್ಕೆ ತಲುಪಬೇಕು. ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಡೆಯುವುದೂ ಇದೇ. ಮೂಲ ಕಡತ ಅಲ್ಲಿಂದ ಕದಲುವುದಿಲ್ಲ. ಅರ್ಜಿ ಕೊಟ್ಟವರಿಗೆ ಬೇಕಾದ ಪುಟದ ನಕಲು ಮಾತ್ರ ಮೊಹರು, ಸಹಿಯೊಂದಿಗೆ ಕೈಗೆ ಬರುತ್ತದೆ. ಕೆಲಸ ಮುಗಿದ ಮೇಲೆ ಆ ನಕಲನ್ನು ಹರಿದು ಬಿಸಾಡಿದರೂ ಮೂಲಕ್ಕೆ ಏನೂ ಆಗದು. ಸಂದೇಶವಾಹಕ ಆರ್‌ಎನ್‌ಎ, ಅಂದರೆ ಎಂಆರ್‌ಎನ್‌ಎ, ಅಂಥ ನಕಲು.

ಮಧ್ಯಾಹ್ನದ ಊಟವನ್ನೇ ತೆಗೆದುಕೊಳ್ಳಿ. ಕುಚ್ಚಲಕ್ಕಿ ಅನ್ನ ಉಂಡ ಬಳಿಕ ರಕ್ತದಲ್ಲಿ ಸಕ್ಕರೆ ಏರುತ್ತದೆ. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಕೂಡಿಟ್ಟ ಇನ್ಸುಲಿನ್ನನ್ನು ರಕ್ತಕ್ಕೆ ಬಿಡುತ್ತವೆ, ಖರ್ಚಾದದ್ದನ್ನು ತುಂಬಲು ಹೊಸತನ್ನು ತಯಾರಿಸುತ್ತವೆ. ಇನ್ಸುಲಿನ್ನಿನ ಜೀನು ಚರ್ಮದ ಕೋಶದಲ್ಲೂ ಇದೆ, ಯಕೃತ್ತಿನ ಕೋಶದಲ್ಲೂ ಇದೆ. ಅಲ್ಲಿ ಅದರ ನಕಲು ತೆಗೆಯುವ ಏರ್ಪಾಡಿಲ್ಲ. ಬೀಟಾ ಕೋಶದಲ್ಲಿ ಆ ಏರ್ಪಾಡಿದೆ. ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ ಡಿಎನ್‌ಎಯ ಆ ಭಾಗವನ್ನಷ್ಟೇ ಬಿಚ್ಚಿ, ಓದಿ, ಎ, ಯು, ಜಿ, ಸಿ ಎಂಬ ನಾಲ್ಕು ಅಕ್ಷರಗಳಲ್ಲಿ ಆರ್‌ಎನ್‌ಎ ಪ್ರತಿ ಬರೆಯುತ್ತದೆ. ಪ್ರತಿಯಲ್ಲಿ ಬೇಡದ ಭಾಗಗಳಿದ್ದರೆ ಅವನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಜೋಡಿಸುವ ಕೆಲಸವೂ ಕೋಶಕೇಂದ್ರದಲ್ಲೇ ನಡೆಯುತ್ತದೆ. ಪ್ರತಿ ಬರೆಯತೊಡಗಿದಾಗಲೇ ಅದರ ತಲೆಯ ಕಡೆ ಒಂದು ವಿಶೇಷ ಟೋಪಿ ಕೂರುತ್ತದೆ. ಬಾಲದ ಕಡೆ ಸಾಲಾಗಿ ‘ಎ’ ಅಕ್ಷರಗಳು ಸೇರುತ್ತವೆ. ಟೋಪಿ ಮತ್ತು ಬಾಲ ನಕಲಿನ ಮೊಹರು, ಸಹಿ ಇದ್ದಂತೆ. ಇವೆರಡು ಇದ್ದರೆ ರೈಬೋಸೋಮ್ ಆ ಪ್ರತಿಯನ್ನು ನಂಬಿ ಓದಲು ತೊಡಗುತ್ತದೆ.

ಓದುವ ರೀತಿಯೂ ಸರಳ. ರೈಬೋಸೋಮ್ ಒಮ್ಮೆಗೆ ಮೂರು ಅಕ್ಷರ ಓದುತ್ತದೆ. ‘ಎಯುಜಿ’ ಸಿಕ್ಕಲ್ಲಿ ಆರಂಭ. ಅಲ್ಲಿಂದ ಪ್ರತಿ ಮೂರಕ್ಷರಕ್ಕೆ ಒಂದು ಅಮೈನೊ ಆಮ್ಲವನ್ನು ತಂದು ಸರಕ್ಕೆ ಪೋಣಿಸುತ್ತದೆ. ‘ಯುಎಎ’, ‘ಯುಎಜಿ’, ‘ಯುಜಿಎ’ ಈ ಮೂರರಲ್ಲಿ ಒಂದು ಎದುರಾದರೆ ಕೆಲಸ ಮುಗಿಯಿತು. ಸೆಕೆಂಡಿಗೆ ಐದಾರು ಅಮೈನೊ ಆಮ್ಲಗಳಂತೆ, ಇನ್ಸುಲಿನ್ನಿನ ಮೊದಲ ರೂಪವಾದ 110 ಕೊಂಡಿಗಳ ಸರ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿ ತಯಾರು. ಒಂದೇ ನಕಲನ್ನು ಹಲವು ರೈಬೋಸೋಮುಗಳು ಸಾಲಾಗಿ ಹಿಡಿದು ಓದುವುದೂ ಇದೆ. ನಿಂತುಹೋಗದೆ ನಡೆಯುವ ಈ ಕೆಲಸಕ್ಕೆ ಒಂದು ಲಗಾಮೂ ಇದೆ. ನಕಲಿನ ಬಾಲ ಹೊತ್ತು ಹೋದಂತೆ ಸವೆಯುತ್ತದೆ, ಟೋಪಿ ಕಳಚುತ್ತದೆ, ಕಿಣ್ವಗಳು ಉಳಿದ ಎಳೆಯನ್ನು ಕೊನೆಯಿಂದ ತಿಂದು ಹಾಕುತ್ತವೆ. ಕೆಲವು ಎಂಆರ್‌ಎನ್‌ಎಗಳ ಆಯುಸ್ಸು ನಿಮಿಷಗಳದು, ಹೆಚ್ಚಿನವುಗಳದ್ದು ಗಂಟೆಗಳದು. ಬೇಕಾದಾಗ ಬರೆದು ಸಾಕಾದಾಗ ಅಳಿಸುವ ಈ ಗುಣ ಇರುವುದರಿಂದಲೇ ಜೀವಕೋಶ ಹೊತ್ತುಹೊತ್ತಿಗೆ ತನ್ನ ಕೆಲಸ ಬದಲಿಸಿಕೊಳ್ಳಬಲ್ಲದು.

ಇಂಥದೊಂದು ತಾತ್ಕಾಲಿಕ ಪ್ರತಿ ಇದೆ ಎಂದು ಸಿಡ್ನಿ ಬ್ರೆನರ್, ಫ್ರಾಂಸ್ವಾ ಜಾಕೋಬ್, ಮ್ಯಾಥ್ಯೂ ಮೆಸೆಲ್ಸನ್ ಮೊದಲಾದವರು 1961ರಲ್ಲಿ ತೋರಿಸಿದರು. ಅದೇ ವರ್ಷ ಮಾರ್ಷಲ್ ನಿರೆನ್‌ಬರ್ಗ್ ಮತ್ತು ಹೈನ್‌ರಿಕ್ ಮಥಾಯಿ ‘ಯುಯುಯು’ ಎಂಬ ಮೂರಕ್ಷರಕ್ಕೆ ಫಿನೈಲ್ ಅಲನಿನ್ ಎಂಬ ಅಮೈನೊ ಆಮ್ಲ ಬರುತ್ತದೆಂದು ಕಂಡುಕೊಂಡರು. ಉಳಿದ ಮೂರಕ್ಷರಗಳ ಒಗಟು ಬಿಡಿಸುವುದರಲ್ಲಿ ಪಂಜಾಬಿನ ಹಳ್ಳಿಯೊಂದರಲ್ಲಿ ಹುಟ್ಟಿದ ಹರಗೋಬಿಂದ ಖುರಾನಾ ಅವರ ಪಾಲು ದೊಡ್ಡದು. ನಿರೆನ್‌ಬರ್ಗ್, ರಾಬರ್ಟ್ ಹಾಲಿ ಅವರೊಂದಿಗೆ ಖುರಾನಾ 1968ರ ನೊಬೆಲ್ ಪಡೆದರು. ಅವರೆಲ್ಲ ಓದಿಕೊಟ್ಟ ಆ ಲಿಪಿ ಜೀವಲೋಕಕ್ಕೆಲ್ಲ ಹೆಚ್ಚುಕಡಿಮೆ ಒಂದೇ. ‘ಜಿಸಿಜಿ’ ಎಂದರೆ ಅಡಿಕೆ ಮರಕ್ಕೂ ಅಲನಿನ್, ಸೊಳ್ಳೆಗೂ ಅಲನಿನ್, ಮನುಷ್ಯನಿಗೂ ಅಲನಿನ್. ವೈರಸ್ಸು ನಮ್ಮೊಳಗೆ ಬಂದು ಕೆಲಸ ಮಾಡಿಸಿಕೊಳ್ಳಲು ಸಾಧ್ಯವಾಗುವುದು ಲಿಪಿ ಒಂದೇ ಆಗಿರುವುದರಿಂದ.

ಚಿಕೂನ್‌ಗುನ್ಯಾ ವೈರಸ್ಸಿನಲ್ಲಿ ಡಿಎನ್‌ಎ ಇಲ್ಲ. ಇರುವುದು ಒಂದೇ ಎಳೆಯ ಆರ್‌ಎನ್‌ಎ. ಆ ಎಳೆಯ ತಲೆಗೆ ನಮ್ಮ ಎಂಆರ್‌ಎನ್‌ಎಗೆ ಇರುವಂಥದೇ ಟೋಪಿ, ತುದಿಗೆ ಅಂಥದೇ ‘ಎ’ಗಳ ಬಾಲ. ಅಂದರೆ ಸೊಳ್ಳೆಯ ಮೂಲಕ ಬಂದದ್ದು ಖೋಟಾ ಮೊಹರು, ಖೋಟಾ ಸಹಿ ಹಾಕಿದ ನಕಲು. ಅದು ಒಳಹೊಕ್ಕ ಕೂಡಲೇ ರೈಬೋಸೋಮ್ ಓದಲು ಕೂರುತ್ತದೆ. ಆ ಬರಹದ ಮೊದಲ ಮೂರನೇ ಎರಡು ಪಾಲಿನಲ್ಲಿ ನಾಲ್ಕು ಪ್ರೊಟೀನುಗಳ ವಿವರವಿದೆ. ಅವು ಒಟ್ಟು ಸೇರಿ ಆರ್‌ಎನ್‌ಎ ಪ್ರತಿಗಳನ್ನು ತೆಗೆಯುವ ಯಂತ್ರವಾಗುತ್ತವೆ. ಆ ಯಂತ್ರ ಇಡೀ ಬರಹದ ಪ್ರತಿಗಳನ್ನು ತೆಗೆಯುತ್ತದೆ. ಕೊನೆಯ ಮೂರನೇ ಒಂದು ಪಾಲನ್ನು ಬೇರೆಯಾಗಿ, ಇನ್ನೂ ಹೆಚ್ಚಿನ ಸಂಖ್ಯೆಯಲ್ಲಿ ಮುದ್ರಿಸುತ್ತದೆ. ವೈರಸ್ಸಿನ ಹೊದಿಕೆಯ ಪ್ರೊಟೀನುಗಳ ವಿವರ ಇರುವುದು ಆ ಕೊನೆಯ ಪಾಲಿನಲ್ಲಿ. ಹೊದಿಕೆ ಸಿದ್ಧವಾದಂತೆ ಹೊಸ ವೈರಸ್ಸುಗಳು ಕೋಶದಿಂದ ಹೊರಟು ಪಕ್ಕದ ಕೋಶಗಳಿಗೆ ದಾಳಿಯಿಡುತ್ತವೆ. ಆರ್‌ಎನ್‌ಎಯನ್ನು ಓದುವುದು, ಪ್ರತಿ ತೆಗೆಯುವುದು, ಹೊದಿಕೆ ಕಟ್ಟುವುದು ಎಲ್ಲವೂ ನಡೆಯುವುದು ಕೋಶಕೇಂದ್ರದ ಹೊರಗೆ. ನಮ್ಮ ಮೂಲ ಕಡತದಲ್ಲಿ ಅದು ಒಂದಕ್ಷರವನ್ನೂ ಬರೆದು ಹೋಗುವುದಿಲ್ಲ.

ಈಗ ಆ ಒಂದಕ್ಷರಕ್ಕೆ ಬರೋಣ. ವೈರಸ್ಸಿನ ಹೊದಿಕೆಯಲ್ಲಿ ಇ-1 ಎಂಬ ಪ್ರೊಟೀನು ಇದೆ. ವೈರಸ್ಸು ಜೀವಕೋಶದ ಪೊರೆಯೊಂದಿಗೆ ಬೆಸೆದುಕೊಳ್ಳಲು ನೆರವಾಗುವುದು ಇದೇ. ಇದರ 226ನೇ ಸ್ಥಾನದಲ್ಲಿ ಮೊದಲು ಅಲನಿನ್ ಇತ್ತು. ಅಲನಿನ್ನಿಗೆ ‘ಜಿಸಿ’ಯಿಂದ ಶುರುವಾಗುವ ಮೂರಕ್ಷರ ಬೇಕು. ನಡುವಿನ ‘ಸಿ’ ಜಾಗಕ್ಕೆ ‘ಯು’ ಬಂದರೆ ‘ಜಿಯು’ ಆಗುತ್ತದೆ. ಆಗ ರೈಬೋಸೋಮ್ ಅಲನಿನ್ ಬಿಟ್ಟು ವ್ಯಾಲಿನ್ ಪೋಣಿಸುತ್ತದೆ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ 2005-06ರಲ್ಲಿ ಜನಸಂಖ್ಯೆಯ ಮೂರನೇ ಒಂದರಷ್ಟು ಮಂದಿಯನ್ನು ಮಲಗಿಸಿದ ಸಾಂಕ್ರಾಮಿಕದಲ್ಲಿ ಈ ಬದಲಾವಣೆ ಎದ್ದು ಕಂಡಿತು. ಈ ಒಂದು ಬದಲಾವಣೆಯಿಂದ ವೈರಸ್ಸು ಏಡಿಸ್ ಆಲ್ಬೊಪಿಕ್ಟಸ್ ಸೊಳ್ಳೆಯಲ್ಲಿ ಹೆಚ್ಚು ಸುಲಭವಾಗಿ ನೆಲೆಯೂರುತ್ತದೆ ಎಂದು 2007ರಲ್ಲಿ ಪ್ರಯೋಗಾಲಯದಲ್ಲಿ ದೃಢಪಟ್ಟಿತು. ಅದೇ ವರ್ಷ ಕೇರಳದಲ್ಲಿ ಈ ರೂಪಾಂತರ ಸಿಕ್ಕಿತು, ಮರುವರ್ಷ ಕರಾವಳಿ ಕರ್ನಾಟಕದಲ್ಲಿ ಸಿಕ್ಕಿತು.

ಕಪ್ಪು ಮೈಮೇಲೆ ಬಿಳಿ ಪಟ್ಟೆಯ ಈ ಹುಲಿ ಸೊಳ್ಳೆಗೆ ನಮ್ಮ ಮೂರು ತಾಲೂಕುಗಳಲ್ಲಿ ಏನು ಕೊರತೆ? ಪೇಟೆಯ ಮನೆಗಳೊಳಗೆ ಹೆಚ್ಚು ಕಾಣುವ ಏಡಿಸ್ ಈಜಿಪ್ಟಿಗೆ ಡ್ರಮ್ಮು, ಟ್ಯಾಂಕಿಯ ನೀರು ಇಷ್ಟ. ಹುಲಿ ಸೊಳ್ಳೆಗೆ ಮರದ ಪೊಟರೆ, ಬಿದಿರಿನ ಬುಡ, ತೋಟದ ತಂಪು ಸಾಕು. ಮಳೆಗಾಲದಲ್ಲಿ ಟ್ಯಾಪಿಂಗ್ ನಿಂತ ರಬ್ಬರ್ ಮರಗಳಲ್ಲಿ ಬೋರಲು ಹಾಕದೆ ಬಿಟ್ಟ ಗೆರಟೆ, ಅಡಿಕೆ ಮರದಡಿ ಬಿದ್ದ ಹಾಳೆ, ಕೊಕ್ಕೋ ಒಡೆದು ಬಿಸಾಡಿದ ಸಿಪ್ಪೆ, ಅಂಗಳದ ಟಾರ್ಪಾಲಿನ ಮಡಿಕೆ, ಇವೆಲ್ಲದರಲ್ಲೂ ನೀರು ನಿಲ್ಲುತ್ತದೆ. ಒಂದು ಗೆರಟೆಯ ನೀರು ನೂರಾರು ಮರಿಗಳಿಗೆ ಸಾಕು. ಮನೆ ತೋಟದ ನಡುವೆಯೇ ಇರುವ ಈ ಸೀಮೆಯಲ್ಲಿ ಸೊಳ್ಳೆ ಜನರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ವೈರಸ್ಸಿನ ಒಂದಕ್ಷರ ಮತ್ತು ನಮ್ಮ ತೋಟಗಳ ಸಾವಿರಾರು ಗೆರಟೆಗಳು ಒಂದೇ ಮಳೆಗಾಲದಲ್ಲಿ ಸೇರಿದವು.

ಹೊರಗಿನಿಂದ ಬಂದ ನಕಲನ್ನು ನಮ್ಮ ರೈಬೋಸೋಮ್ ಓದುತ್ತದೆ ಎಂದಾದರೆ, ನಮಗೆ ಬೇಕಾದ ಸಂದೇಶವನ್ನು ನಾವೇ ಬರೆದು ಕಳುಹಿಸಬಾರದೇಕೆ? ಎಂಆರ್‌ಎನ್‌ಎ ಲಸಿಕೆಯ ಹಿಂದಿನ ಯೋಚನೆ ಇದು. ಯೋಚನೆ ಸುಲಭ, ಕಾರ್ಯರೂಪಕ್ಕೆ ತರಲು ದಶಕಗಳೇ ಹಿಡಿದವು. ಮೊದಲ ತೊಡಕು, ಬರಿಯ ಆರ್‌ಎನ್‌ಎಯನ್ನು ಚುಚ್ಚಿದರೆ ದೇಹದ ಕಿಣ್ವಗಳು ಅದನ್ನು ಕ್ಷಣಗಳಲ್ಲಿ ಚೂರುಮಾಡುತ್ತವೆ. ಎರಡನೆಯದು, ಹೊರಗಿನ ಆರ್‌ಎನ್‌ಎ ಕಂಡರೆ ಜೀವಕೋಶದ ಕಾವಲು ವ್ಯವಸ್ಥೆ ವೈರಸ್ಸು ಬಂತೆಂದು ಕೂಗೆಬ್ಬಿಸುತ್ತದೆ. ಉರಿಯೂತವಾಗುತ್ತದೆ, ಪ್ರೊಟೀನು ತಯಾರಿ ನಿಲ್ಲುತ್ತದೆ. ಹಂಗೇರಿಯಿಂದ ಅಮೆರಿಕಕ್ಕೆ ಹೋದ ಕ್ಯಾಟಲಿನ್ ಕರಿಕೊ ಮತ್ತು ಅವರ ಸಹೋದ್ಯೋಗಿ ಡ್ರೂ ವೈಸ್‌ಮನ್ ಎರಡನೆಯ ತೊಡಕಿಗೆ ದಾರಿ ಕಂಡುಕೊಂಡರು. ಆರ್‌ಎನ್‌ಎಯ ‘ಯು’ ಅಕ್ಷರದ ಜಾಗದಲ್ಲಿ ಸೂಡೋಯುರಿಡಿನ್ ಎಂಬ ಅದರ ಹತ್ತಿರದ ರೂಪವನ್ನು ಇಟ್ಟರೆ ಕಾವಲು ವ್ಯವಸ್ಥೆ ಶಾಂತವಾಗಿರುತ್ತದೆ ಎಂದು 2005ರಲ್ಲಿ ಪ್ರಕಟಿಸಿದರು. ಅನುದಾನ ಸಿಗದೆ, ಹುದ್ದೆಯಲ್ಲಿ ಹಿಂಬಡ್ತಿ ಪಡೆದೂ ಕರಿಕೊ ಈ ಕೆಲಸ ಬಿಟ್ಟಿರಲಿಲ್ಲ. ಇಬ್ಬರಿಗೂ 2023ರ ನೊಬೆಲ್ ಬಂತು. ಮೊದಲ ತೊಡಕನ್ನು ಕೊಬ್ಬು ಪರಿಹರಿಸಿತು. ನಾಲ್ಕು ಬಗೆಯ ಕೊಬ್ಬಿನಂಥ ಅಣುಗಳನ್ನು ಹದವಾಗಿ ಬೆರೆಸಿದರೆ ಆರ್‌ಎನ್‌ಎಯನ್ನು ಒಳಗಿಟ್ಟುಕೊಂಡ, ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿನಷ್ಟು ಗಾತ್ರದ ಹನಿಗಳಾಗುತ್ತವೆ. ಜೀವಕೋಶ ಅವನ್ನು ಒಳಗೆಳೆದುಕೊಳ್ಳುತ್ತದೆ.

ಕೋವಿಡ್ ಬಂದಾಗ ಇವೆಲ್ಲ ಕೈಗೆಟಕುವಲ್ಲಿ ಇದ್ದವು. ಕೊರೊನಾ ವೈರಸ್ಸಿನ ಅಕ್ಷರಮಾಲೆ 2020ರ ಜನವರಿ ಎರಡನೇ ವಾರ ಜಗತ್ತಿಗೆ ಸಿಕ್ಕಿತು. ಮಾಡರ್ನಾ ಕಂಪನಿಯ ಲಸಿಕೆಯನ್ನು ಮಾರ್ಚ್ 16ರಂದು ಮೊದಲ ಸ್ವಯಂಸೇವಕರಿಗೆ ಕೊಟ್ಟರು. ಫೈಜರ್-ಬಯೋಎನ್‌ಟೆಕ್ ಲಸಿಕೆಗೆ ಡಿಸೆಂಬರ್ 2ರಂದು ಬ್ರಿಟನ್ ಒಪ್ಪಿಗೆ ಕೊಟ್ಟಿತು. ಅದರ ಒಂದು ಡೋಸಿನಲ್ಲಿದ್ದ ಎಂಆರ್‌ಎನ್‌ಎ 30 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಲಕ್ಷದಲ್ಲಿ ಮೂರು ಪಾಲು. ಅದರಲ್ಲಿ ಬರೆದಿದ್ದುದು ವೈರಸ್ಸಿನ ಮುಳ್ಳಿನ ಪ್ರೊಟೀನಿನ ವಿವರ ಮಾತ್ರ. ಪ್ರತಿ ತೆಗೆಯುವ ಯಂತ್ರದ ವಿವರ ಇಲ್ಲ, ವೈರಸ್ಸಿನ ಉಳಿದ ಭಾಗಗಳಿಲ್ಲ. ಆದ್ದರಿಂದ ಆ ಲಸಿಕೆಯಿಂದ ಕೋವಿಡ್ ಬರಲು ದಾರಿಯೇ ಇಲ್ಲ. 1,273 ಅಮೈನೊ ಆಮ್ಲಗಳ ಆ ಮುಳ್ಳಿನಲ್ಲಿ ಎರಡನ್ನು ಬೇಕೆಂದೇ ಬದಲಿಸಿ ಪ್ರೋಲಿನ್ ಇಟ್ಟಿದ್ದರು. ಮುಳ್ಳು ತನ್ನ ಆಕಾರ ಕಳೆದುಕೊಳ್ಳದೆ ಸೆಟೆದು ನಿಲ್ಲಲಿ, ನಮ್ಮ ರೋಗನಿರೋಧಕ ಕಣಗಳು ಸರಿಯಾದ ಆಕಾರವನ್ನೇ ಗುರುತಿಟ್ಟುಕೊಳ್ಳಲಿ ಎಂಬುದು ಅದರ ಉದ್ದೇಶ.

ತೋಳಿಗೆ ಚುಚ್ಚಿದ ಮೇಲೆ ಆ ಹನಿಗಳಲ್ಲಿ ಕೆಲವು ಸ್ನಾಯುವಿನ ಕೋಶಗಳಿಗೆ, ಹಲವು ಅಲ್ಲಿಗೆ ಧಾವಿಸಿ ಬಂದ ರೋಗನಿರೋಧಕ ಕೋಶಗಳಿಗೆ ಸೇರುತ್ತವೆ. ರೈಬೋಸೋಮ್ ಸಂದೇಶ ಓದಿ ಮುಳ್ಳು ಕಟ್ಟುತ್ತದೆ. ಕೋಶಗಳು ಮುಳ್ಳಿನ ತುಣುಕುಗಳನ್ನು ತಮ್ಮ ಹೊರಮೈಯಲ್ಲಿ ಎತ್ತಿ ತೋರಿಸುತ್ತವೆ. ಕಂಕುಳಿನ ದುಗ್ಧಗ್ರಂಥಿಗಳಲ್ಲಿ ಟಿ ಕೋಶಗಳು, ಬಿ ಕೋಶಗಳು ಅದನ್ನು ಪರಿಶೀಲಿಸಿ ಬೆಳೆಯತೊಡಗುತ್ತವೆ. ಕೆಲವರಿಗೆ ಲಸಿಕೆಯ ನಂತರ ಕಂಕುಳಲ್ಲಿ ಗಡ್ಡೆ ಕಂಡದ್ದು, ಆ ರಾತ್ರಿ ಚಳಿ ಜ್ವರ ಬಂದದ್ದು ಈ ಚಟುವಟಿಕೆಯಿಂದ. ವಾರಗಳೊಳಗೆ ಪ್ರತಿಕಾಯಗಳು ರಕ್ತದಲ್ಲಿ ತುಂಬುತ್ತವೆ, ನೆನಪಿಟ್ಟುಕೊಳ್ಳುವ ಕೋಶಗಳು ಉಳಿದುಕೊಳ್ಳುತ್ತವೆ. ಸಂದೇಶದ ಬಹುಪಾಲು ಅಷ್ಟರೊಳಗೆ ಚೂರಾಗಿ ಹೋಗಿರುತ್ತದೆ.

ನಮ್ಮ ಊರುಗಳಿಗೆ ಬಂದದ್ದು ಬೇರೆ ಲಸಿಕೆ. ದೇಶದಲ್ಲಿ 2021ರ ಜನವರಿ 16ರಂದು ಆರಂಭವಾದ ಅಭಿಯಾನದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೆಚ್ಚಾಗಿ ಬಂದದ್ದು ಕೋವಿಶೀಲ್ಡ್, ಅದರ ಜತೆಗೆ ಕೋವ್ಯಾಕ್ಸಿನ್. ಕೋವ್ಯಾಕ್ಸಿನ್ನಿನಲ್ಲಿದ್ದುದು ನಿಷ್ಕ್ರಿಯಗೊಳಿಸಿದ ವೈರಸ್ಸು. ಕೋವಿಶೀಲ್ಡ್‌ನ ಕತೆ ಹೆಚ್ಚಿನವರಿಗೆ ಗೊತ್ತಿಲ್ಲ. ಅದರ ಬಾಟಲಿಯಲ್ಲಿ ಎಂಆರ್‌ಎನ್‌ಎ ಇರಲಿಲ್ಲ. ಚಿಂಪಾಂಜಿಗಳಿಗೆ ಶೀತ ತರುವ ಒಂದು ವೈರಸ್ಸನ್ನು ದೇಹದಲ್ಲಿ ಬೆಳೆಯದಂತೆ ಮಾಡಿ, ಅದರೊಳಗೆ ಮುಳ್ಳಿನ ಜೀನನ್ನು ಡಿಎನ್‌ಎ ರೂಪದಲ್ಲಿ ಇಟ್ಟಿದ್ದರು. ಆ ಡಿಎನ್‌ಎ ಕೋಶಕೇಂದ್ರಕ್ಕೆ ಹೋಯಿತು. ನಮ್ಮ ವರ್ಣತಂತುಗಳೊಂದಿಗೆ ಬೆಸೆದುಕೊಳ್ಳದೆ ಪ್ರತ್ಯೇಕವಾಗಿಯೇ ಉಳಿಯಿತು. ಅದನ್ನು ಓದಿ ಮುಳ್ಳಿನ ಎಂಆರ್‌ಎನ್‌ಎ ಬರೆದದ್ದು ನಮ್ಮದೇ ಕಿಣ್ವಗಳು. ಗಲ್ಫಿನಲ್ಲಿ, ಅಮೆರಿಕದಲ್ಲಿ ಇರುವ ಮಕ್ಕಳು ಫೈಜರ್, ಮಾಡರ್ನಾ ಹಾಕಿಸಿಕೊಂಡರೆಂದು ಗಾಬರಿಯಾದ ಎಷ್ಟೋ ಹಿರಿಯರು ತಾವು ಕೋವಿಶೀಲ್ಡ್ ಹಾಕಿಸಿಕೊಂಡಿದ್ದರು. ಮುಳ್ಳಿನ ಎಂಆರ್‌ಎನ್‌ಎ ಮಕ್ಕಳ ಕೋಶಕ್ಕೆ ಹೊರಗಿನಿಂದ ಸಿದ್ಧವಾಗಿ ಬಂತು, ಹಿರಿಯರ ಕೋಶದೊಳಗೆ ತಯಾರಾಯಿತು. ರೈಬೋಸೋಮ್ ಓದಿದ ಪಾಠ ಹೆಚ್ಚುಕಡಿಮೆ ಒಂದೇ.

ಆಗಿನ ಎಂಆರ್‌ಎನ್‌ಎ ಲಸಿಕೆಗಳು ಗ್ರಾಮೀಣ ಭಾರತಕ್ಕೆ ಹೊಂದದಿದ್ದುದಕ್ಕೆ ಒಂದು ಕಾರಣ ತಣ್ಣನೆಯ ಸಂಗ್ರಹ. ಫೈಜರ್ ಲಸಿಕೆಗೆ ಮೊದಲು ಸೊನ್ನೆಗಿಂತ 70 ಡಿಗ್ರಿ ಕೆಳಗಿನ ಶೀತ ಬೇಕಿತ್ತು. ಹಳ್ಳಿಯ ಆರೋಗ್ಯ ಕೇಂದ್ರದ ಪೆಟ್ಟಿಗೆಯಲ್ಲಿ ಇರುವುದು 2ರಿಂದ 8 ಡಿಗ್ರಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಸಂಜೆಯವರೆಗೂ ಬರದ ನಮ್ಮ ಕಡೆ ಇದು ಸಣ್ಣ ಮಾತಲ್ಲ. ಪುಣೆಯ ಜೆನೋವಾ ಕಂಪನಿ ಈ ತೊಡಕಿಗೆ ಉತ್ತರ ಕಂಡುಕೊಂಡಿತು. ಅವರ ಜೆಮ್‌ಕೋವ್ಯಾಕ್-19 ಲಸಿಕೆಗೆ 2022ರ ಜೂನ್‌ನಲ್ಲಿ ತುರ್ತು ಬಳಕೆಯ ಒಪ್ಪಿಗೆ ಸಿಕ್ಕಿತು. ನಮ್ಮ ದೇಶದ ಮೊದಲ ಎಂಆರ್‌ಎನ್‌ಎ ಲಸಿಕೆ ಅದು. ಒಮಿಕ್ರಾನ್‌ಗಾಗಿ ಬರೆದ ಜೆಮ್‌ಕೋವ್ಯಾಕ್-ಓಎಂ 2023ರ ಜೂನ್‌ನಲ್ಲಿ ಬಂತು. ಒಣ ಪುಡಿಯ ರೂಪದಲ್ಲಿರುವ ಅದು 2ರಿಂದ 8 ಡಿಗ್ರಿಯಲ್ಲಿ ಕೆಡದೆ ಇರುತ್ತದೆ. ಅದನ್ನು ಸೂಜಿಯಿಲ್ಲದ ಸಾಧನದಿಂದ ಚರ್ಮದೊಳಕ್ಕೆ ಸೇರಿಸುತ್ತಾರೆ.

ಜೆನೋವಾದ ಈ ಲಸಿಕೆಗಳು ತಮ್ಮ ಪ್ರತಿಗಳನ್ನು ತಾವೇ ಹೆಚ್ಚಿಸಿಕೊಳ್ಳುವ ಬಗೆಯವು. ಚಿಕೂನ್‌ಗುನ್ಯಾ ಬರಹದ ಮೊದಲ ಪಾಲಿನಲ್ಲಿ ನಕಲು ಯಂತ್ರದ ವಿವರ ಇತ್ತಲ್ಲ, ಅಂಥದೇ ಯಂತ್ರವನ್ನು ಅದೇ ವೈರಸ್ ಕುಟುಂಬದಿಂದ ಎರವಲು ಪಡೆದು, ಹೊದಿಕೆಯ ಪಾಲನ್ನು ಪೂರ್ತಿ ಕಿತ್ತು, ಆ ಜಾಗದಲ್ಲಿ ಕೊರೊನಾ ಮುಳ್ಳಿನ ವಿವರ ಇಡುತ್ತಾರೆ. ಕೋಶದೊಳಗೆ ಸಂದೇಶದ ಪ್ರತಿಗಳು ಹೆಚ್ಚುತ್ತವೆ. ಹೊದಿಕೆ ಇಲ್ಲದ್ದರಿಂದ ಒಂದು ಕೋಶದಿಂದ ಇನ್ನೊಂದಕ್ಕೆ ವೈರಸ್ಸಾಗಿ ಹರಡಲು ಸಾಧ್ಯವಿಲ್ಲ. ಪ್ರತಿಗಳು ಕೋಶದೊಳಗೇ ಹೆಚ್ಚುವುದರಿಂದ ಲಸಿಕೆಯ ಕಡಿಮೆ ಪ್ರಮಾಣ ಸಾಕು. ಇದೇ ಬಗೆಯ ಮತ್ತೊಂದು ಲಸಿಕೆಗೆ ಜಪಾನ್ 2023ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದರ ಡೋಸು ಬರೀ 5 ಮೈಕ್ರೋಗ್ರಾಂ. ಸುಳ್ಯ, ಪುತ್ತೂರಿನವರನ್ನು ತಿಂಗಳುಗಟ್ಟಲೆ ನರಳಿಸಿದ ವೈರಸ್ಸಿನ ಸೋದರ ಸಂಬಂಧಿಗಳ ಯಂತ್ರ ಇವತ್ತು ಜನರನ್ನು ಕಾಯುವ ಕೆಲಸಕ್ಕೆ ಬಂದಿದೆ.

ಇನ್ನು ಭಯದ ವಿಷಯ. ಎಂಆರ್‌ಎನ್‌ಎ ನಮ್ಮ ಜೀನಿನೊಳಗೆ ಸೇರಬೇಕಾದರೆ ಮೊದಲು ಅದು ಡಿಎನ್‌ಎ ಆಗಬೇಕು, ಆಮೇಲೆ ಕೋಶಕೇಂದ್ರಕ್ಕೆ ಹೋಗಬೇಕು, ಅಲ್ಲಿ ವರ್ಣತಂತುವನ್ನು ಕತ್ತರಿಸಿ ಸೇರಿಕೊಳ್ಳಬೇಕು. ಎಚ್‌ಐವಿ ಇದನ್ನು ಮಾಡುತ್ತದೆ, ಅದಕ್ಕೆ ಬೇಕಾದ ಕಿಣ್ವಗಳನ್ನು ಅದು ತನ್ನೊಂದಿಗೇ ತರುತ್ತದೆ. ಲಸಿಕೆಯಲ್ಲಿ ಆ ಕಿಣ್ವಗಳಿಲ್ಲ. 2008ರಲ್ಲಿ ಚಿಕೂನ್‌ಗುನ್ಯಾ ಬಂದವರ ಮೈಯಲ್ಲಿ ಲೆಕ್ಕವಿಲ್ಲದಷ್ಟು ವೈರಸ್ ಆರ್‌ಎನ್‌ಎ ತಯಾರಾಗಿತ್ತು. ಡೆಂಗಿ ಬಂದಾಗಲೂ ಆಗುವುದು ಅದೇ. ಅವರ ಮಕ್ಕಳ ಜೀನಿಗೆ ಅದರಿಂದ ಏನೂ ಆಗಲಿಲ್ಲ. ಒಂದು ಡೋಸಿನ ಒಂದು ಪ್ರೊಟೀನಿನ ಸಂದೇಶಕ್ಕೆ ಹೆದರುವವರು ಇಷ್ಟನ್ನು ನೆನಪಿಡಬೇಕು.

ಹಾಗೆಂದು ಅಡ್ಡಪರಿಣಾಮಗಳೇ ಇಲ್ಲ ಎಂದರೆ ಅದು ಸುಳ್ಳು. ಎಂಆರ್‌ಎನ್‌ಎ ಲಸಿಕೆಯ ನಂತರ, ಅದರಲ್ಲೂ ಎರಡನೇ ಡೋಸಿನ ನಂತರ, ಅಪರೂಪಕ್ಕೆ ಕೆಲವು ಯುವಕರಲ್ಲಿ ಹೃದಯದ ಸ್ನಾಯುವಿನ ಉರಿಯೂತ ಕಂಡಿದೆ. ಕೋವಿಶೀಲ್ಡ್ ಬಗೆಯ ಲಸಿಕೆಯಿಂದ ತೀರಾ ವಿರಳವಾಗಿ ಪ್ಲೇಟ್‌ಲೆಟ್ ಇಳಿದು ರಕ್ತ ಹೆಪ್ಪುಗಟ್ಟಿದ್ದುಂಟು. ಇವನ್ನು ಕಂಡುಹಿಡಿದು ಪ್ರಕಟಿಸಿದವರು ಲಸಿಕೆಗಳ ಮೇಲೆ ಕಣ್ಣಿಟ್ಟ ವೈದ್ಯರು, ವಿಜ್ಞಾನಿಗಳೇ. ಮುಚ್ಚಿಟ್ಟರೆ ಅಪನಂಬಿಕೆ ಬೆಳೆಯುತ್ತದೆ, ಹೇಳಿದರೆ ಜನ ತೂಗಿ ನೋಡುತ್ತಾರೆ. ಎದೆನೋವು, ಉಸಿರಿನ ತೊಂದರೆ ಕಂಡರೆ ಯಾವಾಗ ಆಸ್ಪತ್ರೆಗೆ ಹೋಗಬೇಕು ಎಂದು ಲಸಿಕೆ ಕೊಡುವಾಗಲೇ ತಿಳಿಸುವುದು ವೈದ್ಯರ ಕರ್ತವ್ಯ.

ಚಿಕೂನ್‌ಗುನ್ಯಾಕ್ಕೆ ನಿರ್ದಿಷ್ಟ ಔಷಧ ಇವತ್ತಿಗೂ ಇಲ್ಲ. ಅಮೆರಿಕ 2023ರಲ್ಲಿ ಒಂದು ಲಸಿಕೆಗೆ ಒಪ್ಪಿಗೆ ಕೊಟ್ಟಿತ್ತು. ದುರ್ಬಲಗೊಳಿಸಿದ ಸಜೀವ ವೈರಸ್ಸಿನ ಆ ಲಸಿಕೆಯಿಂದ ಕೆಲವರಲ್ಲಿ, ಮುಖ್ಯವಾಗಿ ವಯಸ್ಸಾದವರಲ್ಲಿ, ಗಂಭೀರ ತೊಂದರೆಗಳು ಕಂಡು 2025ರ ಆಗಸ್ಟ್‌ನಲ್ಲಿ ಅದರ ಪರವಾನಗಿಯನ್ನು ಅಮಾನತಿನಲ್ಲಿಟ್ಟರು. ವೈರಸ್ಸಿನ ಖಾಲಿ ಹೊದಿಕೆಯನ್ನಷ್ಟೇ ಬಳಸುವ ಇನ್ನೊಂದು ಲಸಿಕೆ 2025ರ ಫೆಬ್ರುವರಿಯಲ್ಲಿ ಬಂದಿದೆ. ಎಂಆರ್‌ಎನ್‌ಎಯ ದಾರಿಯಲ್ಲೂ ಪ್ರಯತ್ನ ನಡೆದಿದೆ. ಮಾಡರ್ನಾದ ಒಂದು ಪ್ರಯೋಗದಲ್ಲಿ ವೈರಸ್ಸಿನ ಪ್ರೊಟೀನಿಗೆ ಬದಲು ಚಿಕೂನ್‌ಗುನ್ಯಾ ವಿರುದ್ಧದ ಪ್ರತಿಕಾಯದ ವಿವರವನ್ನೇ ಸಂದೇಶವಾಗಿ ಬರೆದು ಕಳುಹಿಸಿದರು. ಸ್ವಯಂಸೇವಕರ ದೇಹ ಆ ಪ್ರತಿಕಾಯವನ್ನು ತಯಾರಿಸಿಕೊಟ್ಟಿತು, 2021ರಲ್ಲಿ ಅದರ ವರದಿ ಪ್ರಕಟವಾಯಿತು. ವೈರಸ್ಸು ಒಂದಕ್ಷರ ಬದಲಿಸಿಕೊಂಡರೆ ಸಂದೇಶವನ್ನೂ ಬೇಗ ತಿದ್ದಬಹುದು ಎಂಬುದು ಈ ತಂತ್ರದ ದೊಡ್ಡ ಬಲ. ವೆಚ್ಚ, ಶೀತಲ ಸಂಗ್ರಹ, ಕಾಲ ಕಳೆದಂತೆ ತಗ್ಗುವ ರಕ್ಷಣೆ ಅದರ ಮಿತಿಗಳು. ರಬ್ಬರ್ ತೋಟದ ಕಾರ್ಮಿಕರ ಗಂಟುನೋವಿಗೆ ದೊಡ್ಡ ಮಾರುಕಟ್ಟೆ ಇಲ್ಲ. ಅದಕ್ಕಾಗಿಯೇ ಇಂಥ ಲಸಿಕೆಗಳಿಗೆ ಸರ್ಕಾರದ ಹಣ, ಸರ್ಕಾರದ ಒತ್ತಾಸೆ ಬೇಕು ಎಂದು ಈ ಮೂರು ತಾಲೂಕುಗಳ ಜನ ಧೈರ್ಯವಾಗಿ ಕೇಳಬೇಕು.

ಮುಂದೆ ಡೆಂಗಿಗೋ ಇನ್ನೊಂದು ಕಾಯಿಲೆಗೋ ಎಂಆರ್‌ಎನ್‌ಎ ಲಸಿಕೆ ನಮ್ಮ ಆರೋಗ್ಯ ಕೇಂದ್ರಕ್ಕೂ ಬಂದೀತು. ಆಗ ಮೊಬೈಲಿಗೆ ಬಂದ ಸುದ್ದಿಯನ್ನು ಮುಂದಕ್ಕೆ ಕಳುಹಿಸುವ ಮೊದಲು ವೈದ್ಯರಲ್ಲಿ ಮೂರು ಪ್ರಶ್ನೆ ಕೇಳಿ. ಇದರಲ್ಲಿ ಯಾವ ಪ್ರೊಟೀನಿನ ಸಂದೇಶ ಇದೆ? ಅದು ದೇಹದಲ್ಲಿ ಎಷ್ಟು ಕಾಲ ಉಳಿಯುತ್ತದೆ? ಯಾರಿಗೆ, ಯಾವ ಅಡ್ಡಪರಿಣಾಮ ಕಂಡಿದೆ? ಉತ್ತರ ಸಿಗುವವರೆಗೆ ಕೇಳುವುದು ನಿಮ್ಮ ಹಕ್ಕು. ಸರಿಯಾದ ಉತ್ತರ ಸಿಕ್ಕ ಮೇಲೆ ತೋಳು ಕೊಡಲು ಹಿಂಜರಿಯಬೇಡಿ.